ಚಿಕ್ಕಬೆಟ್ಟದ ಹೆಂಗಸರು

ಬೆಟ್ಟ ಹತ್ತಿಬರೋಣ ಎಂಬ ಮಾತು ಹುಟ್ಟಿದ್ದು ಸಾಲಗಾಮೆಯ ನಮ್ಮ ಬೀದಿಯ ಕೊನೆಯ ಮನೆಯಲ್ಲಿ, ಒಂದು ಶುಕ್ರವಾರ ಅರಿಶಿನ ಕುಂಕುಮಕ್ಕೆ ಸೇರಿದ್ದಾಗ. ಸಂಕ್ರಾಂತಿ ಕಳೆದಿತ್ತು. ಕಣದ ಕೆಲಸ ಮುಗಿದಿತ್ತು, ಮಕ್ಕಳ ಪರೀಕ್ಷೆಗೆ ಇನ್ನೂ ದಿನವಿತ್ತು. ವರ್ಷದಲ್ಲಿ ಹೆಂಗಸರಿಗೆ ಉಸಿರಾಡಲು ಸಿಗುವ ಹದಿನೈದು ದಿನ ಅದು. ಎಲ್ಲರೂ ತಮ್ಮ ತಮ್ಮ ಷರತ್ತು ಹೇಳಿದರು. ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಹತ್ತುವುದು ಕಡಿಮೆ ಇರಬೇಕು, ನೋಡುವುದು ಹೆಚ್ಚಿರಬೇಕು. ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಹೋಟೆಲಿಗೆ ದುಡ್ಡು ಸುರಿಯಬಾರದು.

ಸೀಗೆಗುಡ್ಡ ಎಂದರು ಒಬ್ಬರು. ಹಿತ್ತಿಲ ಗಿಡ ಮದ್ದಲ್ಲ ಎನ್ನುವ ಹಾಗೆ, ಹತ್ತಿರದ್ದೆಂದು ಅದು ಬಿದ್ದುಹೋಯಿತು. ಮುಳ್ಳಯ್ಯನಗಿರಿ ಎಂದಾಗ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವವರು ಇಬ್ಬರು ಕೈ ಎತ್ತಿದರು. ಅರಸೀಕೆರೆಯ ಮಾಲೇಕಲ್ಲು ತಿರುಪತಿಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ನಾನು ಶ್ರವಣಬೆಳಗೊಳ ಎಂದೆ. ಎಲ್ಲರೂ ಒಟ್ಟಿಗೆ ಮಂಡಿ ಮುಟ್ಟಿಕೊಂಡರು.

"ದೊಡ್ಡಬೆಟ್ಟ ಅಲ್ಲ, ಚಿಕ್ಕಬೆಟ್ಟ" ಎಂದೆ.

"ಅಲ್ಲೇನಿದೆ ಮಿಸ್?" ಎಂದರು ನಮ್ಮ ಅಂಗನವಾಡಿ ಟೀಚರು.

ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಬೆಳಗೊಳಕ್ಕೆ ಹೋದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕಲ್ಯಾಣಿಯ ಬಳಿ ಚಪ್ಪಲಿ ಬಿಟ್ಟು ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಇಳಿದು ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಎದುರಿಗೇ ಇರುವ ಇನ್ನೊಂದು ಬೆಟ್ಟ ಅವರಿಗೆ ಫೋಟೋದ ಹಿಂಬದಿ ಮಾತ್ರ. ದೊಡ್ಡಬೆಟ್ಟ ಅಂದರೆ ವಿಂಧ್ಯಗಿರಿ, ಸಮುದ್ರಮಟ್ಟದಿಂದ 3347 ಅಡಿ, ಕೆಳಗಿನ ಬಯಲಿನಿಂದ 470 ಅಡಿ, ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಿಕ್ಕಬೆಟ್ಟ ಅಂದರೆ ಚಂದ್ರಗಿರಿ, 3052 ಅಡಿ. ಬಯಲಿನಿಂದ ಎತ್ತರ ಇನ್ನೂರು ಅಡಿಯೂ ಇಲ್ಲ. ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹತ್ತಬಹುದು. ಆದರೆ ಚರಿತ್ರೆಯ ಲೆಕ್ಕದಲ್ಲಿ ಚಿಕ್ಕದೇ ಹಿರಿಯದು. ಚಾವುಂಡರಾಯ ದೊಡ್ಡಬೆಟ್ಟದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು 981ರಲ್ಲಿ ಎನ್ನುತ್ತಾರೆ. ಅದಕ್ಕೆ ಮುನ್ನೂರೈವತ್ತು ವರ್ಷಕ್ಕೂ ಹಿಂದಿನಿಂದಲೇ ಜನ ಚಿಕ್ಕಬೆಟ್ಟಕ್ಕೆ ಬರುತ್ತಿದ್ದರು. ಆಗ ಅದರ ಹೆಸರು ಕಳ್ಬಪ್ಪು. ಅವರು ಬರುತ್ತಿದ್ದದ್ದು ಅನ್ನ ನೀರು ಬಿಟ್ಟು ಸಾಯಲು. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ, ಸುಮಾರು 600ನೇ ಇಸವಿಯ ಶಾಸನವೇ ಇಲ್ಲಿ ಎಲ್ಲಕ್ಕಿಂತ ಹಳೆಯದು. ಅದು ಭದ್ರಬಾಹುವಿನ ಪರಂಪರೆಯನ್ನೂ ಪ್ರಭಾಚಂದ್ರನೆಂಬ ಮುನಿಯ ಅಂತ್ಯವನ್ನೂ ಹೇಳುತ್ತದೆ.

ಇದನ್ನೆಲ್ಲ ಅರಿಶಿನ ಕುಂಕುಮದ ಹೊತ್ತಿನಲ್ಲಿ ಹೇಳಲು ಆಗುತ್ತದೆಯೇ? "ಅಲ್ಲಿ ಹೆಂಗಸರು ಕಟ್ಟಿಸಿದ ಬಸದಿಗಳಿವೆ, ಮೇಲಿಂದ ಗೊಮ್ಮಟ ಕಾಣುತ್ತಾನೆ, ಮೆಟ್ಟಿಲು ಕಡಿಮೆ" ಎಂದೆ. ಮೂರನೆಯ ಮಾತಿಗೆ ಎಲ್ಲರೂ ಒಪ್ಪಿದರು.

ನಾನು ಚಿಕ್ಕಬೆಟ್ಟವನ್ನು ಮೊದಲು ಹತ್ತಿದ್ದು 1998ರಲ್ಲಿ, ಅದೂ ಇಷ್ಟಪಟ್ಟಲ್ಲ. ಏಳನೇ ತರಗತಿಯ ಮಕ್ಕಳ ಪ್ರವಾಸ. ಮೇಷ್ಟ್ರುಗಳೆಲ್ಲ ಮಕ್ಕಳನ್ನು ಕರೆದುಕೊಂಡು ದೊಡ್ಡಬೆಟ್ಟಕ್ಕೆ ನಡೆದರು. ಕಾಲು ಉಳುಕಿದ್ದ ಒಬ್ಬಳು, ಹಿಂದಿನ ದಿನ ಜ್ವರ ಬಂದು ಬಿಟ್ಟಿದ್ದ ಇನ್ನಿಬ್ಬರು ನನ್ನ ಪಾಲಿಗೆ ಉಳಿದರು. ಸುಮ್ಮನೆ ಕೂರುವುದಕ್ಕೆ ಬೇಸರವಾಗಿ, ನಿಧಾನವಾಗಿ ಚಿಕ್ಕದನ್ನಾದರೂ ಹತ್ತೋಣ ಎಂದು ಮೇಲೆ ಹೋದೆವು. ಅಲ್ಲಿ ವಯಸ್ಸಾದ ಜೈನ ಯಾತ್ರಿಕರೊಬ್ಬರು ಒಂದು ಶಾಸನದ ಮುಂದೆ ನಿಂತು ಪುಸ್ತಕ ಹಿಡಿದು ಓದುತ್ತಿದ್ದರು. ಟೀಚರೆಂದು ತಿಳಿದು ನನಗೂ ಅರ್ಥ ಹೇಳಿದರು. ಅದು ಮಾಚಿಕಬ್ಬೆಯ ಕಲ್ಲು. ಮಾಚಿಕಬ್ಬೆ ಎಂದರೆ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆಯ ತಾಯಿ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ರಾಣಿ ಹೋದಮೇಲೆ ನಾನು ಉಳಿಯಲಾರೆ ಎಂದು ತಾಯಿ ಬೆಳಗೊಳಕ್ಕೆ ಬಂದು, ಗುರುಗಳ ಎದುರಿನಲ್ಲಿ ವ್ರತ ತೊಟ್ಟು, ಒಂದು ತಿಂಗಳು ಉಪವಾಸವಿದ್ದು, ಅರೆಗಣ್ಣು ಮುಚ್ಚಿ ಜಪ ಮಾಡುತ್ತ, ನೆಂಟರಿಷ್ಟರನ್ನು ಬೀಳ್ಕೊಟ್ಟು ಪ್ರಾಣ ಬಿಟ್ಟಳು. ಶಾಸನದ ತಿರುಳು ಇಷ್ಟು.

ನಾನು ಅಲ್ಲೇ ಕುಳಿತುಬಿಟ್ಟೆ. ಮಕ್ಕಳು "ಮಿಸ್, ನಿಮಗೂ ಜ್ವರ ಬಂತಾ" ಎಂದು ಹಣೆ ಮುಟ್ಟಿ ನೋಡಿದರು.

ನಮ್ಮಕ್ಕ 1991ರಲ್ಲಿ ಹೆರಿಗೆಯಲ್ಲಿ ಹೋದಳು. ಅಮ್ಮ ಆಮೇಲೆ ಅಳಲಿಲ್ಲ, ಕೂಗಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ಕಲಸಿ ಪಕ್ಕಕ್ಕೆ ಸರಿಸುತ್ತಿದ್ದಳು. ಬಡಿಸಿದವರಿಗೆ ಬೇಜಾರಾಗಬಾರದೆಂದು "ಆಮೇಲೆ ಉಣ್ತೀನಿ" ಎನ್ನುವಳು. ಆ ಆಮೇಲೆ ಬರಲಿಲ್ಲ. ಡಾಕ್ಟರು ರಕ್ತ ಕಡಿಮೆ ಎಂದರು, ಟಾನಿಕ್ಕು ಬರೆದರು. ಮುಂದಿನ ವರ್ಷ ಯುಗಾದಿಗೆ ಅಮ್ಮ ಇರಲಿಲ್ಲ. ನಾನಾಗ ಬಿ.ಎಡ್. ಓದುತ್ತಿದ್ದೆ. ಬಾಲಮನೋವಿಜ್ಞಾನದ ನೋಟ್ಸು ಬರೆಯುತ್ತ ಅದೇ ಕೋಣೆಯಲ್ಲಿ ಕೂತಿರುತ್ತಿದ್ದೆ. ಹತ್ತಿರ ಕೂತು ಒಂದು ದಿನವಾದರೂ ನನ್ನ ಕೈಯಿಂದ ತುತ್ತು ಕೊಟ್ಟೆನೇ ಎಂದು ಕೇಳಿಕೊಂಡರೆ ಇಲ್ಲ.

ಅಮ್ಮನದು ವ್ರತವಲ್ಲ, ಗೊತ್ತು. ಜೈನರ ಸಲ್ಲೇಖನಕ್ಕೆ ಕಟ್ಟುಪಾಡಿದೆ, ಗುರುವಿನ ಅಪ್ಪಣೆ ಬೇಕು, ಮನಸ್ಸಿನಲ್ಲಿ ದುಃಖವಾಗಲಿ ಬೇಸರವಾಗಲಿ ಇರಬಾರದು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಹೈಕೋರ್ಟು ಇದು ಆತ್ಮಹತ್ಯೆಗೆ ಸಮ ಎಂದು ತೀರ್ಪು ಕೊಟ್ಟಾಗ ದೇಶದ ಜೈನರೆಲ್ಲ ಬೀದಿಗಿಳಿದರು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ವಾದದಲ್ಲಿ ಯಾರು ಸರಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಮಾಚಿಕಬ್ಬೆಯ ಕಲ್ಲು ಓದಿದಾಗಲೆಲ್ಲ, ಮಗಳು ಹೋದಮೇಲೆ ಉಳಿಯಲಾರೆ ಎಂಬ ಮಾತಿನಲ್ಲಿ ವ್ರತ ಎಷ್ಟು, ಸಂಕಟ ಎಷ್ಟು ಎಂದು ತೂಗುತ್ತ ಕೂರುತ್ತೇನೆ. ತಾಯಿಯ ಹೊಟ್ಟೆಗೆ ಕಟ್ಟುಪಾಡು ತಿಳಿಯುತ್ತದೆಯೇ?

ಆ ಪ್ರವಾಸದಿಂದ ಬಂದಮೇಲೆ ನಾನು ಬೆಳಗೊಳದ ಶಾಸನಗಳ ಹಿಂದೆ ಬಿದ್ದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಮೊದಲು ಅವನ್ನು ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು ಇನ್ನಷ್ಟು ಹುಡುಕಿ, ಐನೂರು ಶಾಸನಗಳನ್ನು ಕೂಡಿಸಿ 1923ರಲ್ಲಿ ಮತ್ತೆ ಹೊರತಂದರು. ಷ. ಶೆಟ್ಟರ್ ಅವರು ಈ ಬೆಟ್ಟದ ಸಾವುಗಳ ಮೇಲೆಯೇ ಪುಸ್ತಕ ಬರೆದರು. ಬೇಸಗೆ ರಜೆಯಲ್ಲಿ ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿ ಕೂತು ನೋಟ್‌ಬುಕ್ಕಿಗೆ ಹೆಸರು ಬರೆದುಕೊಂಡೆ. ಬರೀ ಹೆಂಗಸರ ಹೆಸರು. ರಾಜರ ಹೆಸರು ಪಾಠದಲ್ಲಿ ಇದ್ದೇ ಇದೆಯಲ್ಲ. ಹತ್ತು ಪುಟ ತುಂಬಿತು! ಇಪ್ಪತ್ತೈದು ವರ್ಷ ಆ ಪುಸ್ತಕ ಬೀರುವಿನಲ್ಲಿತ್ತು. ಈ ಸಲ ನಡಿಗೆಯ ಪ್ಲಾನು ಹಾಕಲು ಅದನ್ನೇ ತೆಗೆದೆ.

ನನ್ನ ಲೆಕ್ಕ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಟೆಂಪೋ ಹೊರಡಬೇಕು. ಹಾಸನ, ಚನ್ನರಾಯಪಟ್ಟಣದ ಮೇಲೆ ಸುಮಾರು ಅರವತ್ತು ಕಿಲೋಮೀಟರು. ಬಿಸಿಲೇರುವ ಮುಂಚೆ ಮೇಲಿರಬೇಕು, ಏಕೆಂದರೆ ಬರಿಗಾಲಲ್ಲೇ ನಡೆಯಬೇಕು. ಹನ್ನೊಂದರ ಮೇಲೆ ಆ ಬಂಡೆ ರೊಟ್ಟಿಹೆಂಚು. ಕಾಲುಚೀಲ ತರಲು ಎಲ್ಲರಿಗೂ ಹೇಳಿದೆ. ಮೇಲೆ ಕೋಟೆಗೋಡೆಯಂತಹ ಪ್ರಾಕಾರ, ಅದರೊಳಗೆ ಒಂದಕ್ಕೊಂದು ಅಂಟಿಕೊಂಡಂತೆ ಬಸದಿಗಳು. ಒಂದೂವರೆ ಗಂಟೆ ಸಾಕು. ಊಟ ಮಾತ್ರ ಕೆಳಗೆ ಇಳಿದಮೇಲೆ.

ಯಾವ ಬಸದಿಯ ಮುಂದೆ ಯಾರ ಕತೆ ಎಂದು ಬರೆಯುತ್ತ ಹೋದೆ. ಕತ್ತಲೆ ಬಸದಿ ಮೊದಲು. ಕಿಟಕಿಯೇ ಇಲ್ಲದೆ ಒಳಗೆ ಕತ್ತಲಾದ್ದರಿಂದ ಆ ಹೆಸರು. ಈ ಬೆಟ್ಟದಲ್ಲಿ ಗರ್ಭಗುಡಿಗೆ ಪ್ರದಕ್ಷಿಣೆ ಹಾಕಲು ದಾರಿಯಿರುವ ಬಸದಿ ಇದೊಂದೇ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ 1118ರ ಹೊತ್ತಿಗೆ ಇದನ್ನು ಕಟ್ಟಿಸಿದ. ಏಳುನೂರು ವರ್ಷದ ಮೇಲೆ ಮೈಸೂರು ಅರಸುಮನೆತನದ ದೇವೀರಮ್ಮಣ್ಣಿ, ಕೆಂಪಮ್ಮಣ್ಣಿ ಎಂಬ ಇಬ್ಬರು ಇದರ ಮುಂದಿನ ಮಂಟಪವನ್ನು ರಿಪೇರಿ ಮಾಡಿಸಿದರು. ಪಕ್ಕದ ಎರಡುಕಟ್ಟೆ ಬಸದಿಯನ್ನು, ಎರಡು ಕಡೆಯಿಂದಲೂ ಮೆಟ್ಟಿಲಿರುವುದನ್ನು, ಗಂಗರಾಜನ ಹೆಂಡತಿ ಲಕ್ಷ್ಮಿ ಕಟ್ಟಿಸಿದಳು. ಶಾಸನಗಳಲ್ಲಿ ಅವಳಿಗೆ ಲಕ್ಕಲೆ, ಲಕ್ಕವ್ವೆ ಎಂದು ಮನೆಯ ಹೆಸರೂ ಇದೆ. ಈ ಗಂಗರಾಜ ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು. ದೊರೆ ಮೆಚ್ಚಿ ಕೊಟ್ಟ ಪರಮ ಎಂಬ ಊರನ್ನು ಅವನು ತಾನು ಇಟ್ಟುಕೊಳ್ಳದೆ ತಾಯಿಯೂ ಹೆಂಡತಿಯೂ ಮಾಡಿಸಿದ ಬಸದಿಗಳಿಗೆ ಬಿಟ್ಟ. ಗೆದ್ದು ಬಂದ ಗಂಡಸು ಬಹುಮಾನವನ್ನು ಮನೆಯ ಹೆಂಗಸರ ಕೆಲಸಕ್ಕೆ ಒಪ್ಪಿಸಿದ ಎಂದು ಇದನ್ನು ಪಾಠದಲ್ಲಿ ಹೇಳಿದಾಗ ಹುಡುಗಿಯರು ಖುಷಿಪಡುತ್ತಾರೆ, ಹುಡುಗರು ಕಿಟಕಿ ನೋಡುತ್ತಾರೆ.

ತೇರಿನ ಬಸದಿಯದು ಇನ್ನೂ ಸೊಗಸು. ಮುಂದೆ ತೇರಿನ ಆಕಾರದ ಕಲ್ಲಿನ ಕಟ್ಟಣೆ, ಸುತ್ತ 52 ಜಿನಮೂರ್ತಿಗಳು. ಇದನ್ನು 1117ರಲ್ಲಿ ಮಾಡಿಸಿದವರು ರಾಣಿಯರಲ್ಲ, ದಂಡನಾಯಕರ ಹೆಂಡಿರೂ ಅಲ್ಲ. ಪೊಯ್ಸಳಸೆಟ್ಟಿ, ನೇಮಿಸೆಟ್ಟಿ ಎಂಬ ಇಬ್ಬರು ವ್ಯಾಪಾರಿಗಳ ತಾಯಂದಿರು. ಒಬ್ಬಳ ಹೆಸರು ಮಾಚಿಕಬ್ಬೆಯೇ, ಶಾಂತಲೆಯ ತಾಯಲ್ಲ, ಬೇರೆಯವಳು. ಇನ್ನೊಬ್ಬಳು ಶಾಂತಿಕಬ್ಬೆ. ಬಸದಿ ಮುಗಿಸಿ ಇಬ್ಬರೂ ದೀಕ್ಷೆ ತೆಗೆದುಕೊಂಡರು. ಮಕ್ಕಳ ಅಂಗಡಿ ಚೆನ್ನಾಗಿ ನಡೆಯುತ್ತಿದ್ದಾಗ, ಗೆಳತಿಯರಿಬ್ಬರು ಸೇರಿ ಒಂದು ಕೆಲಸ ಹಿಡಿದು ಮುಗಿಸಿ, ಸಂಸಾರದ ಬೀಗದ ಕೈ ಸೊಸೆಯರಿಗೆ ಕೊಟ್ಟು ಎದ್ದು ನಡೆದಂತೆ ನನಗೆ ಕಾಣುತ್ತದೆ. ಗೆಳತಿಯರು ಎನ್ನುವುದು ನನ್ನ ಕಲ್ಪನೆ, ಇರಲಿ.

ಕೊನೆಗೆ ಸವತಿಗಂಧವಾರಣ ಬಸದಿ. ಶಾಂತಲೆ 1123ರಲ್ಲಿ ಶಾಂತಿನಾಥನಿಗೆ ಕಟ್ಟಿಸಿದ್ದು. ಸವತಿಯರೆಂಬ ಹೆಂಗಸರಿಗೆ ಮದ್ದಾನೆಯಂಥವಳು ಎಂಬುದು ಅವಳ ಬಿರುದು, ಅದೇ ಬಸದಿಯ ಹೆಸರಾಯಿತು. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಅವಳನ್ನು ಬರೀ ಕುಣಿಯುವ ಚೆಲುವೆ ಮಾಡಿಟ್ಟಿದ್ದೇವೆ. ಅರಮನೆಯಲ್ಲಿ ಸವತಿಯರ ನಡುವೆ ಬದುಕುವುದು ಏನೆಂದು ಆ ಬಿರುದು ಒಂದೇ ಮಾತಿನಲ್ಲಿ ಹೇಳುತ್ತದೆ. ಗಂಡು ಮಗುವಿಲ್ಲದ ದುಃಖಕ್ಕೆ ಅವಳು ಶಿವಗಂಗೆಯ ತುದಿಯಿಂದ ಹಾರಿಕೊಂಡಳು ಎಂದು ಅಲ್ಲಿ ಜಾಗ ತೋರಿಸುತ್ತಾರೆ. ಬೆಳಗೊಳದ ಶಾಸನದಲ್ಲಿ ಹಾರಿದ ಮಾತಿಲ್ಲ. ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಕ್ಕೆ ಹೋದಳು ಎಂದಷ್ಟೇ ಇದೆ. ಅವಳ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಜೈನಳು, ಗಂಡನೋ ವಿಷ್ಣುವಿಗೆ ಗುಡಿ ಕಟ್ಟಿಸಿದವನು. ಒಂದು ಮನೆಯಲ್ಲಿ ಮೂರು ದೇವರು. ನಮ್ಮ ಬೀದಿಯಲ್ಲಿ ಸೊಸೆ ಬೇರೆ ಒಕ್ಕಲಿನವಳಾದರೆ ಏನೇನು ಮಾತು ಬರುತ್ತದೆಂದು ಎಲ್ಲರಿಗೂ ಗೊತ್ತು.

ಅದಾದಮೇಲೆ ಮಾಚಿಕಬ್ಬೆ ಎಂದು ಬರೆದೆ. ಬರೆದದ್ದನ್ನು ಎರಡು ದಿನ ಬಿಟ್ಟು ಗೀಟು ಹಾಕಿ ಹೊಡೆದೆ.

ಕಾರಣ, ನಮ್ಮ ಎದುರುಮನೆಯ ದೊಡ್ಡಮ್ಮ ಬರುತ್ತೇನೆಂದದ್ದು. ಅವರ ಮಗ 2021ರಲ್ಲಿ ಕೊರೋನಾದಲ್ಲಿ ಹೋದ. ನಲವತ್ತೆರಡು ವರ್ಷ. ಆಸ್ಪತ್ರೆಗೆ ಹೋಗುವಾಗ ಜಗಲಿಯ ಮೇಲೆ ನಿಂತು ಕೈ ಬೀಸಿದ್ದೇ ಕೊನೆ. ಹೆಣ ಮನೆಗೆ ಬರಲಿಲ್ಲ, ಸುಟ್ಟದ್ದನ್ನೂ ಇವರು ಕಾಣಲಿಲ್ಲ. ಅಂದಿನಿಂದ ದೊಡ್ಡಮ್ಮನಿಗೆ ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಮಜ್ಜಿಗೆ. ಸೊಸೆ ಒಳ್ಳೆಯ ಹುಡುಗಿ. ಗೇಟಿನ ಹತ್ತಿರ ಬಂದು, "ಕರ್ಕೊಂಡ್ಹೋಗಿ ಟೀಚರ್, ನಾಕು ಜನದ ಜತೆ ಕೂತ್ರೆ ಒಂದು ರೊಟ್ಟಿ ತಿಂದಾರು" ಎಂದು ಕೇಳಿಕೊಂಡಳು. ದೊಡ್ಡಮ್ಮ ಮಾತ್ರ, "ನನ್ ಮಂಡಿಗೇನಾಗದೆ, ನಿಮ್ಗಿಂತ ಮುಂದೆ ಹತ್ತೀನಿ" ಎಂದು ಸೆರಗು ಕೊಡವಿದರು.

ಮಗನನ್ನು ಕಳೆದುಕೊಂಡು ಊಟ ಬಿಡುತ್ತಿರುವವರನ್ನು, ಮಗಳನ್ನು ಕಳೆದುಕೊಂಡು ಊಟ ಬಿಟ್ಟವಳ ಕಲ್ಲಿನ ಮುಂದೆ ನಿಲ್ಲಿಸುವುದೇ? ಶಾಸನದಲ್ಲಿ ಅದು ಹಿರಿಮೆ. ಎಂಟುನೂರ ತೊಂಬತ್ತು ವರ್ಷದ ಹಿಂದಿನ ಹಿರಿಮೆಯನ್ನು ಓದಿ ಹೇಳಿ, ನಾಳೆ ಆ ಮುದುಕಿ ಮಜ್ಜಿಗೆಯನ್ನೂ ಬಿಟ್ಟರೆ ಸೊಸೆಗೆ ನಾನೇನು ಹೇಳಲಿ? ಚರಿತ್ರೆಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ, ಅದರಿಂದ ಯಾರಿಗಾದರೂ ಅಪಾಯವಾದೀತು ಎಂದು ಹೆದರಿದ್ದು ಅದೇ ಮೊದಲು. ಆ ಹೆಸರನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸವತಿಗಂಧವಾರಣದ ಮುಂದೆ ಮದ್ದಾನೆಯ ಕತೆ ಹೇಳಿ ನಗಿಸಿ ಇಳಿಸಿಬಿಡೋಣ ಎಂದುಕೊಂಡೆ.

ಹೊರಟೆವು. ಹನ್ನೊಂದು ಹೆಂಗಸರು, ಎರಡು ಡಬ್ಬಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಚಿತ್ರಾನ್ನ, ಮೊಸರನ್ನ. ಆರಕ್ಕೆಂದದ್ದು ಆರೂಮುಕ್ಕಾಲಾಯಿತು, ಇದನ್ನು ಬರೆಯಬೇಕಾದ್ದೇ ಇಲ್ಲ. ಬೆಳಗೊಳ ಮುಟ್ಟಿದಾಗ ಎಂಟೂಕಾಲು ದಾಟಿತ್ತು. ಚಪ್ಪಲಿ ಬಿಟ್ಟು ಮೆಟ್ಟಿಲು ಹಿಡಿದಾಗ ಬಂಡೆ ಇನ್ನೂ ರಾತ್ರಿಯ ತಂಪಿನಲ್ಲಿತ್ತು. ಸುಮಾರು ಇನ್ನೂರು ಮೆಟ್ಟಿಲು. ಎರಡು ಸಲ ಕೂತೆವು, ನೀರು ಕುಡಿದೆವು. ದೊಡ್ಡಮ್ಮ ಹೇಳಿದ ಹಾಗೆ ಮುಂದೆ ಹೋಗಿ ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು.

ಮೇಲೆ ನಿಂತು ತಿರುಗಿದಾಗ ಯಾರೂ ಮಾತಾಡಲಿಲ್ಲ. ಕೆಳಗೆ ಊರಿಗೆ ಹೆಸರು ಕೊಟ್ಟ ಕೊಳ, ಚಿಕ್ಕದೇವರಾಜ ಒಡೆಯರು ಕಲ್ಯಾಣಿ ಮಾಡಿಸಲು ತೊಡಗಿದ ಆ ಚೌಕ ನೀರು. ಅದರಾಚೆ ಊರಿನ ಮಾಡುಗಳು. ಅದರ ಮೇಲೆ ಎದ್ದ ಬೋಳುಬಂಡೆ, ಅದಕ್ಕೆ ನೂಲಿಳಿಸಿದ ಹಾಗೆ ಮೆಟ್ಟಿಲು, ಇರುವೆಗಳಂತೆ ಜನ. ತುದಿಯಲ್ಲಿ ಗೋಡೆಗಳ ಮೇಲೆ ಗೊಮ್ಮಟನ ತಲೆ. ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ, ಚಿಕ್ಕಬೆಟ್ಟ ಇರುವುದೂ ಆ ಕಡೆಗೇ. "ಅಲ್ಲೋಗಿದ್ರೆ ಪಾದ ನೋಡ್ತಿದ್ವಿ, ಇಲ್ಲಿ ಅವನೇ ನಮ್ಮನ್ನ ನೋಡ್ತಾ ಅವನೆ" ಎಂದರು ಪೋಸ್ಟ್‌ಮ್ಯಾನ್ ಮನೆಯವರು. ಉತ್ತರದ ಕಡೆ ತೆಂಗಿನ ತೋಟಗಳ ನಡುವೆ ಜಿನನಾಥಪುರ. ಅದೂ ಗಂಗರಾಜ ಕಟ್ಟಿಸಿದ ಊರೇ.

ಬಂಡೆಯ ಮೇಲಿನ ಹಳೆಯ ಅಕ್ಷರಗಳಿಗೆ ಈಗ ಗಾಜಿನ ಮುಚ್ಚಳಿಕೆ ಬಂದಿದೆ. ಬಗ್ಗಿ ನೋಡಿದರೆ ನಮ್ಮ ಮುಖವೇ ಕಾಣುತ್ತದೆ, ಕೈ ಅಡ್ಡ ಹಿಡಿದರೆ ಅಕ್ಷರ ಕಾಣುತ್ತದೆ. ಏಳನೇ ಎಂಟನೇ ಶತಮಾನದ ಈ ಬಂಡೆಗಳಲ್ಲಿ ಸನ್ಯಾಸಿನಿಯರೂ ಇದ್ದಾರೆ. ಗಂತಿಯರು ಎಂದು ಅವರನ್ನು ಕರೆಯುತ್ತಿದ್ದರು. ನಾಗಮತಿ ಗಂತಿ, ಶಶಿಮತಿ ಗಂತಿ ಎಂದು ಹೆಸರು ಓದಿದೆ. ಒಂದೆರಡು ಸಾಲಿನ ಶಾಸನಗಳು. ಬಂದಳು, ವ್ರತ ಹಿಡಿದಳು, ಮುಗಿಸಿದಳು. ಯಾರ ಮಗಳು, ಯಾರ ಹೆಂಡತಿ ಎಂಬ ಗೊಡವೆ ಇಲ್ಲ. ನಾಲ್ಕುನೂರು ವರ್ಷ ಕಳೆದು ಹೊಯ್ಸಳರ ಕಾಲಕ್ಕೆ ಬರುವಾಗ ಕಂಬದ ನಾಲ್ಕೂ ಮುಖ ತುಂಬ ಬರೆಯುತ್ತಾರೆ, ಆದರೆ ಇಂಥವನ ತಾಯಿ, ಇಂಥವನ ಸತಿ ಎಂದು ಶುರುವಾಗುತ್ತದೆ. ನಮ್ಮವರಿಗೆ ಇದು ಥಟ್ಟನೆ ಹಿಡಿಸಿತು. "ರೇಷನ್ ಕಾರ್ಡು" ಎಂದರು ಒಬ್ಬರು.

ಕತ್ತಲೆ ಬಸದಿಯಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದು ಪ್ರದಕ್ಷಿಣೆ ಮಾಡಿದೆವು. ತೇರಿನ ಬಸದಿಯ ಅಮ್ಮಂದಿರು ಎಲ್ಲರಿಗೂ ಬಹಳ ಹಿಡಿಸಿದರು. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಭದ್ರಬಾಹು ಚಂದ್ರಗುಪ್ತರ ಕತೆಯನ್ನು 90 ಚಿತ್ರಗಳಲ್ಲಿ ಕೊರೆದಿದ್ದಾರೆ, ದಾಸೋಜ ಎಂಬ ಶಿಲ್ಪಿಯ ಹೆಸರಿದೆ. ಅಲ್ಲಿ ಎಲ್ಲರೂ ಮೊಬೈಲು ತೆಗೆದರು. ನಾನು ಗಂಟೆ ನೋಡುತ್ತಿದ್ದೆ. ಕಾಲಡಿ ಬೆಚ್ಚಗಾಗತೊಡಗಿತ್ತು.

ಸವತಿಗಂಧವಾರಣದ ಮದ್ದಾನೆ ಎಲ್ಲರನ್ನೂ ನಗಿಸಿತು. ಸರಿ, ಇಳಿಯೋಣ ಎಂದೆ. ನೋಟ್‌ಬುಕ್ಕು ಅಂಗನವಾಡಿ ಟೀಚರ ಕೈಯಲ್ಲಿತ್ತು.

"ಮಿಸ್, ಇಲ್ಲೊಂದು ಹೆಸರಿಗೆ ಗೀಟು ಹಾಕಿದೀರಲ್ಲ, ಮಾಚಿಕಬ್ಬೆ, ಯಾರಿವ್ರು?"

ತೇರಿನ ಬಸದಿಯವಳು, ಆಗಲೇ ಹೇಳಿದೆನಲ್ಲ ಎನ್ನಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ದೊಡ್ಡಮ್ಮ ನನ್ನ ಮುಖ ನೋಡುತ್ತಿದ್ದರು. ಹಳ್ಳಿಯ ಮುದುಕಿಯರಿಗೆ ಮುಖ ಓದುವುದು ನಮಗಿಂತ ಚೆನ್ನಾಗಿ ಬರುತ್ತದೆ. ಹೇಳಿದೆ. ಬಣ್ಣ ಕಟ್ಟದೆ, ಕಲ್ಲಿನಲ್ಲಿದ್ದಷ್ಟನ್ನೇ ಹೇಳಿದೆ. ಮಗಳು ಶಿವಗಂಗೆಯಲ್ಲಿ ಹೋದಳು, ತಾಯಿ ಇಲ್ಲಿಗೆ ಬಂದಳು, ಒಂದು ತಿಂಗಳು.

ಯಾರೂ ದೊಡ್ಡಮ್ಮನ ಕಡೆ ನೋಡಲಿಲ್ಲ. ಅವರೇ ಕೇಳಿದರು.

"ಶಿವಗಂಗೆ ದೂರ ಅಲ್ವ. ಆಯಮ್ಮ ಮಗಳ ಹೆಣದ ಮೊಖ ನೋಡಿದ್ಲಾ?"

ಇಪ್ಪತ್ತೈದು ವರ್ಷ ಆ ಶಾಸನವನ್ನು ಇಟ್ಟುಕೊಂಡಿದ್ದೇನೆ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾನು ವ್ರತ ಎಷ್ಟು, ಸಂಕಟ ಎಷ್ಟು ಎಂದು ತೂಗುತ್ತಿದ್ದೆ.

"ಕಲ್ಲಲ್ಲಿ ಅದನ್ನ ಬರೆದಿಲ್ಲ ದೊಡ್ಡಮ್ಮ."

"ಬರೆಯೋರು ಗಂಡಸ್ರು. ಅವ್ರಿಗೆ ಅದ್ಯಾಕೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೋಡಿರಾಕಿಲ್ಲ ಬುಡು. ನೋಡಿದ್ರೆ ಅಷ್ಟು ಆಯ್ತಿರಲಿಲ್ಲ" ಎಂದರು.

ನಾನು ಅವರ ಪಕ್ಕ ಕೂತು ನಮ್ಮಮ್ಮನ ವಿಷಯ ಹೇಳಿದೆ. ತಟ್ಟೆ ಸರಿಸುತ್ತಿದ್ದದ್ದು, ಆಮೇಲೆ ಉಣ್ತೀನಿ ಎನ್ನುತ್ತಿದ್ದದ್ದು, ನಾನು ನೋಟ್ಸು ಬರೆಯುತ್ತಿದ್ದದ್ದು. ನನ್ನ ಗಂಡನಿಗೂ ಇಷ್ಟು ಬಿಡಿಸಿ ಹೇಳಿದವಳಲ್ಲ. ಉಳಿದವರು ಒಬ್ಬೊಬ್ಬರಾಗಿ ಪ್ರಾಕಾರದ ಬಾಗಿಲ ಕಡೆ ನಡೆದರು. ದೊಡ್ಡಮ್ಮ ಸಮಾಧಾನ ಹೇಳಲಿಲ್ಲ. "ನಿಂಗಾಗ ಎಷ್ಟೊರ್ಸ?" ಎಂದರು. ಇಪ್ಪತ್ತೆರಡು ಎಂದೆ. "ಕೂಸು" ಎಂದರು.

ಇಳಿದು ಕಲ್ಯಾಣಿಯ ಹತ್ತಿರ ನೆರಳು ಹುಡುಕಿ ಬುತ್ತಿ ಬಿಚ್ಚಿದೆವು. ದೊಡ್ಡಮ್ಮ ಅರ್ಧ ರೊಟ್ಟಿ ತಿಂದು, ಉಳಿದರ್ಧವನ್ನು ಅಲ್ಲಿದ್ದ ನಾಯಿಗೆ ಹಾಕಿದರು. ಸೊಸೆ ಕೇಳಿದರೆ ಒಂದು ತಿಂದರು ಎಂದು ಹೇಳಬೇಕೇನೋ ಎಂದು ಯೋಚಿಸುತ್ತಿದ್ದೆ. ನಾಲ್ಕು ಮಂದಿ ಎಳೆಯರು, ಇಷ್ಟು ದೂರ ಬಂದು ಗೊಮ್ಮಟನ ಪಾದ ಮುಟ್ಟದೆ ಹೋಗುವುದುಂಟೇ ಎಂದು ಕಾಲುಚೀಲ ಹಾಕಿಕೊಂಡು ದೊಡ್ಡಬೆಟ್ಟದ ಕಡೆ ಹೋದರು. ಬರುವುದು ಮೂರಾಗುತ್ತದೆ ಎಂದು ಟೆಂಪೋ ಡ್ರೈವರು ಸೀಟಿನಲ್ಲೇ ಮಲಗಿದ.

"ಟೀಚರಮ್ಮ, ಆ ಪುಸ್ತಕ ಎಲ್ಲದೆ?" ಎಂದರು ದೊಡ್ಡಮ್ಮ. ಕೊಟ್ಟೆ. ಅವರಿಗೆ ಓದು ಬರುವುದಿಲ್ಲ. ಹಾಳೆ ತಿರುಗಿಸಿ ಖಾಲಿ ಜಾಗವೊಂದನ್ನು ಬೆರಳಿನಿಂದ ತೋರಿಸಿದರು. "ಇಲ್ಲಿ ನಮ್ಮುಡುಗನ ಹೆಸ್ರು ಬರ್ಕಳವ್ವ."

ಇದು ಹೆಂಗಸರ ಪುಸ್ತಕ ಎಂದು ಹೇಳಲಿಲ್ಲ. ಪೆನ್ನು ತೆಗೆದೆ. ಹೆಸರು ಬರೆದೆ. ಬೆಳಗೊಳದ ಕಲ್ಲುಗಳಲ್ಲಿ ವರ್ಷ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಇರುತ್ತದೆ. ಅದೇ ಕ್ರಮದಲ್ಲಿ ಒಂದೊಂದೇ ಕೇಳಿದೆ. ವರ್ಷಾವರ್ಷ ಎಡೆ ಇಡುವವರಿಗೆ ಪಂಚಾಂಗ ಬೇಕಿಲ್ಲ. ಪ್ಲವ ಸಂವತ್ಸರ, ವೈಶಾಖ, ಬಹುಳ ತದಿಗೆ, ಶುಕ್ರವಾರ.

"ಅವ್ವನ ಹೆಸರೂ ಹಾಕ್ಲಾ?"

"ಹಾಕು" ಎಂದರು. ಇಂಥವಳ ಮಗ ಎಂದು ಬರೆದು ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ದೊಡ್ಡಬೆಟ್ಟದ ಮೆಟ್ಟಿಲಿನಲ್ಲಿ ನಮ್ಮ ನಾಲ್ವರು ಎಲ್ಲಿದ್ದಾರೆಂದು ಹುಡುಕತೊಡಗಿದರು.